ತುಕ್ಕು ಹಿಡಿದ ಜಾವಾ ಮತ್ತು ಜೀರ್ಣೋದ್ಧಾರದ ವಿವೇಕ

(ಕಣಕಟ್ಟೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇತಿಹಾಸದ ಬಗ್ಗೆ ಮಾತನಾಡಿ ಎಂದು ಕರೆದವರ ಮುಂದೆ ಹಳೆಯ ಮೋಟಾರ್ ಸೈಕಲ್ಲಿನ ವಿಷಯ ಎತ್ತಿಕೊಂಡದ್ದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡೀತು. ಅರಸೀಕೆರೆಯ ಶಿವಾಲಯ, ಹಾರನಹಳ್ಳಿಯ ಗುಡಿಗಳು ಈ ತಾಲ್ಲೂಕಿನಲ್ಲೇ ಇವೆ. ಬೇಲೂರು, ಹಳೇಬೀಡು ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ಹತ್ತಿರ. ಹೀಗಿರುವಾಗ ಇತಿಹಾಸವೆಂದರೆ ಕಲ್ಲು, ಶಾಸನ, ಮದನಿಕೆಯರ ವಿಗ್ರಹ ಎಂದು ನಾವು ಭಾವಿಸುವುದು ಸಹಜವೇ.

ಆದರೆ ಕೊಬ್ಬರಿ ಅಟ್ಟದ ಕೆಳಗೆ, ತೆಂಗಿನ ಮಟ್ಟೆಯ ರಾಶಿಯ ಹಿಂದೆ, ಹರಿದ ಗೋಣಿಚೀಲ ಹೊದ್ದು ನಿಂತಿರುವ ಹಳೆಯ ಜಾವಾ ಅಥವಾ ಯೆಜ್ಡಿ ಗಾಡಿಯೂ ಇತಿಹಾಸದ ಒಂದು ದಾಖಲೆಯೇ. ಅದು ನಮ್ಮ ತಂದೆ, ದೊಡ್ಡಪ್ಪಂದಿರ ಕಾಲದ ದಾಖಲೆ. ಅದರ ಮೇಲೆ ಮದುವೆಯ ಕರೆಯೋಲೆ ಹಂಚಿದವರಿದ್ದಾರೆ, ಬಸುರಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದವರಿದ್ದಾರೆ, ಎರಡೂ ಕಡೆ ಚೀಲ ಕಟ್ಟಿ ಸಂತೆಗೆ ಕಾಯಿ ಸಾಗಿಸಿದವರಿದ್ದಾರೆ. ಆ ಗಾಡಿ ಹುಟ್ಟಿದ್ದು ದೂರದ ದೇಶದಲ್ಲೂ ಅಲ್ಲ. ಅರಸೀಕೆರೆಯಲ್ಲಿ ರೈಲು ಹತ್ತಿ ಹಾಸನ, ಹೊಳೆನರಸೀಪುರ ದಾಟಿದರೆ ಸಿಗುವ ಮೈಸೂರಿನಲ್ಲಿ.

ಇಂತಹ ಗಾಡಿಯನ್ನು ಮತ್ತೆ ಓಡಿಸಬೇಕೆಂಬ ಆಸೆ ಈಗ ಅನೇಕ ಯುವಕರಲ್ಲಿ ಮೂಡಿದೆ. ಅವರಿಗೆ ಎದುರಾಗುವ ಪ್ರಶ್ನೆಗಳು ಎರಡು. ಇದು ಮತ್ತೆ ಓಡೀತೇ ಎಂಬುದು ಮೊದಲನೆಯದು. ಓಡುವುದಾದರೆ ಇದ್ದ ಹಾಗೆಯೇ ಮಾಡಬೇಕೋ, ನಮಗೆ ಬೇಕಾದಂತೆ ಕತ್ತರಿಸಿ ಹೊಸ ರೂಪ ಕೊಡಬಹುದೋ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಒಳ್ಳೆಯ ಮೆಕ್ಯಾನಿಕ್ ಉತ್ತರ ಕೊಡುತ್ತಾನೆ. ಎರಡನೆಯ ಪ್ರಶ್ನೆಗೆ ಗಾಡಿಯ ಒಡೆಯನೇ ಉತ್ತರ ಹುಡುಕಿಕೊಳ್ಳಬೇಕು. ಇವತ್ತು ನಾನು ಹೆಚ್ಚಾಗಿ ಮಾತನಾಡಬೇಕೆಂದಿರುವುದು ಈ ಎರಡನೆಯದರ ಬಗ್ಗೆ. ಆದರೆ ಅದಕ್ಕೆ ಮೊದಲು ಗಾಡಿಯ ಕುಲಗೋತ್ರ ತಿಳಿಯಬೇಕಲ್ಲವೇ?

ಪ್ರಾಗ್‌ನಿಂದ ಯಾದವಗಿರಿಗೆ

1929ರಲ್ಲಿ ಜೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕ ಮೋಟಾರ್ ಸೈಕಲ್ ಉದ್ಯಮಕ್ಕೆ ಇಳಿದ. ಜರ್ಮನಿಯ ವಾಂಡರರ್ ಸಂಸ್ಥೆ ಕೈಬಿಟ್ಟ ಮೋಟಾರ್ ಸೈಕಲ್ಲಿನ ತಯಾರಿಕೆಯನ್ನು ಅವನು ಕೊಂಡುಕೊಂಡಿದ್ದ. ತನ್ನ ಹೆಸರಿನ ಮೊದಲ ಅಕ್ಷರ 'ಯಾ', ವಾಂಡರರ್‌ನ ಮೊದಲ ಅಕ್ಷರ 'ವಾ' ಎರಡನ್ನೂ ಕೂಡಿಸಿ 'ಯಾವಾ' ಎಂದು ಹೆಸರಿಟ್ಟ. ಜೆಕ್ ಜನರ ಬಾಯಲ್ಲಿ ಇಂದಿಗೂ ಅದು ಯಾವಾ. ಇಂಗ್ಲಿಷ್ ಅಕ್ಷರಗಳನ್ನು ನಮ್ಮ ರೀತಿಯಲ್ಲಿ ಓದಿದ ನಮಗೆ ಅದು ಜಾವಾ ಆಯಿತು.

ಎರಡನೆಯ ಮಹಾಯುದ್ಧದಲ್ಲಿ ಆ ದೇಶ ಜರ್ಮನರ ವಶದಲ್ಲಿದ್ದಾಗ ಅಲ್ಲಿನ ಎಂಜಿನಿಯರುಗಳು ಗುಟ್ಟಾಗಿ ಹೊಸ ಮಾದರಿಯೊಂದನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, 'ಪೆರಾಕ್' ಎಂಬ ಹೆಸರಿನಲ್ಲಿ ಅದು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 250 ಸಿ.ಸಿ.ಯ ಆ ಗಾಡಿಯ ವಂಶದಲ್ಲೇ 1954ರ ಸುಮಾರಿಗೆ ಮುಂದಿನ ಮಾದರಿ ಬಂತು. ನಮ್ಮ ಊರುಗಳಲ್ಲಿ ಕಂಡ ಜಾವಾ ಈ ಎರಡನೆಯದರ ಕೂಸು.

ಮುಂಬಯಿಯಲ್ಲಿ ಈ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರು, ಆಮದಿಗೆ ನಿರ್ಬಂಧ ಬಿದ್ದಾಗ, ಇಲ್ಲಿಯೇ ತಯಾರಿಸುವ ಯೋಚನೆ ಮಾಡಿದರು. 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆ ಹುಟ್ಟಿತು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹ ಅದಕ್ಕೆ ದೊರೆಯಿತು. 1961ರಿಂದ ಗಾಡಿಗಳು ಹೊರಬರತೊಡಗಿದವು. ಮದರಾಸಿನಲ್ಲಿ ಎನ್‌ಫೀಲ್ಡ್ ಸಂಸ್ಥೆ 1955ರಲ್ಲೇ ಶುರುವಾಗಿತ್ತು. ಬುಲೆಟ್ಟಿನ ಗಾಂಭೀರ್ಯಕ್ಕೆ ಮದರಾಸು, ಜಾವಾದ ಚುರುಕಿಗೆ ಮೈಸೂರು ಎಂದು ದಕ್ಷಿಣದಲ್ಲಿ ಎರಡು ತವರುಗಳಾದವು.

1973ರಲ್ಲಿ ಜೆಕ್ ಪರವಾನಗಿಯ ಹೆಸರು ಹೋಗಿ ಅದೇ ಕಾರ್ಖಾನೆಯ ಗಾಡಿಗಳಿಗೆ 'ಯೆಜ್ಡಿ' ಎಂಬ ಹೆಸರು ಬಂತು. ಇರಾನಿ ಕುಟುಂಬದ ಪೂರ್ವಿಕರ ನಾಡಿನ ಯಜ್ದ್ ಎಂಬ ನಗರದಿಂದ ಬಂದ ಹೆಸರು ಅದು. ಮೈಸೂರು ರಾಜ್ಯ ಕರ್ನಾಟಕವಾದದ್ದೂ ಅದೇ ವರ್ಷ. 1978ರಲ್ಲಿ ರೋಡ್‌ಕಿಂಗ್ ಬಂತು. 1985ರಿಂದ ಜಪಾನಿ ತಂತ್ರಜ್ಞಾನದ ಹೀರೊ ಹೋಂಡಾ, ಯಮಾಹಾ ಆರ್‌ಎಕ್ಸ್ 100 ಮೊದಲಾದವು ರಸ್ತೆಗಿಳಿದು ಮೈಲೇಜು, ಹಗುರತನಗಳ ಹೊಸ ಲೆಕ್ಕಾಚಾರ ತಂದವು. ಹೊಗೆಯ ನಿಯಮಗಳು ಬಿಗಿಯಾದವು. ಸಂಸ್ಥೆಯೊಳಗಿನ ತೊಂದರೆಗಳೂ ಸೇರಿ 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಈ ಕೊನೆಯ ಸಂಗತಿಯನ್ನು ದಯವಿಟ್ಟು ನೆನಪಿನಲ್ಲಿಡಿ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಅವುಗಳ ಎಂಜಿನ್ ನೀರಿನಿಂದ ತಂಪಾಗುವ ಫೋರ್ ಸ್ಟ್ರೋಕ್ ಎಂಜಿನ್. ಅದರ ಪಿಸ್ಟನ್ ತಂದು ನಿಮ್ಮ ಅಪ್ಪನ ಗಾಡಿಗೆ ಹಾಕಲಾಗುವುದಿಲ್ಲ. ಮೈಸೂರಿನಲ್ಲಿ ತಯಾರಾದ ಗಾಡಿಗಳ ಸಂಖ್ಯೆ ಇನ್ನು ಒಂದೂ ಹೆಚ್ಚುವುದಿಲ್ಲ, ಕಡಿಮೆಯಾಗುವುದಷ್ಟೇ ಸಾಧ್ಯ. ಗುಜರಿಯವನಿಗೆ ತೂಕಕ್ಕೆ ಹಾಕಿದ ಒಂದೊಂದು ಗಾಡಿಯೂ ಲೆಕ್ಕದಿಂದ ಕಳೆದುಹೋದಂತೆ.

ಎಂಜಿನ್ನಿನ ಗುಟ್ಟು

ಜಾವಾದ್ದು ಟು ಸ್ಟ್ರೋಕ್ ಎಂಜಿನ್. ಸಿಲಿಂಡರು ಒಂದೇ, ಆದರೆ ಹೊಗೆ ಹೊರಹೋಗಲು ಎರಡು ದಾರಿ, ಎರಡು ಸೈಲೆನ್ಸರ್. ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರು. ಗುಣಿಸಿ ನೋಡಿದರೆ 250 ಸಿ.ಸಿ.ಗೆ ಒಂದಿಷ್ಟೇ ಕಡಿಮೆ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ವಾಲ್ವುಗಳಿಲ್ಲ. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್ ಕೋಣೆಯೊಳಕ್ಕೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ನುಗ್ಗುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅದೇ ಮಿಶ್ರಣ ಒತ್ತಿಸಿಕೊಂಡು ಪಕ್ಕದ ಕಿಂಡಿಗಳಿಂದ ಮೇಲಕ್ಕೆ ಹೋಗುತ್ತದೆ. ಅಂದರೆ ಪಿಸ್ಟನ್ನಿನ ಮೇಲೆಯೂ ಕೆಲಸ, ಕೆಳಗೆಯೂ ಕೆಲಸ. ಕೆಳಗಿನ ಕೋಣೆಯಲ್ಲಿ ಪ್ರತ್ಯೇಕವಾಗಿ ಆಯಿಲ್ ನಿಲ್ಲಿಸಲು ಆಗದಿರುವುದರಿಂದಲೇ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಬಂಕಿನಲ್ಲಿ ಅಳತೆಯ ಲೋಟ ಹಿಡಿದು ಆಯಿಲ್ ಸುರಿದು ಗಾಡಿ ಅಲ್ಲಾಡಿಸುತ್ತಿದ್ದುದು ಹಿರಿಯರಿಗೆ ನೆನಪಿರಬೇಕು.

ಇದು ಗೊತ್ತಿದ್ದರೆ ಹಳೆಯ ಜಾವಾದ ಮುಖ್ಯ ಕಾಯಿಲೆ ಯಾವುದೆಂದು ತಾನಾಗಿ ತಿಳಿಯುತ್ತದೆ. ಕ್ರ್ಯಾಂಕ್ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಅದನ್ನು ಭದ್ರಪಡಿಸುವುದು ಎರಡು ಪಕ್ಕದ ಆಯಿಲ್ ಸೀಲುಗಳು. ಹತ್ತಿಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಈ ರಬ್ಬರು ಸೀಲುಗಳು ಒಣಗಿ ಕಲ್ಲಾಗಿರುತ್ತವೆ. ಕ್ಲಚ್ಚಿನ ಕಡೆಯ ಸೀಲು ಹೋದರೆ ಅಲ್ಲಿನ ಆಯಿಲ್ಲನ್ನು ಎಂಜಿನ್ ಹೀರಿಕೊಂಡು ಬಿಳಿ ಹೊಗೆ ಉಗುಳುತ್ತದೆ. ಡೈನಮೊ ಕಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳ್ಳಗಾಗಿ, ಎಂಜಿನ್ ಕಾದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೆಲೆಯಲ್ಲಿ ಅತಿ ಚಿಕ್ಕ ಸಾಮಾನು ಇದು, ಕೆಡಿಸುವುದು ಅತಿ ದೊಡ್ಡದನ್ನು. ಕಾರ್ಬ್ಯುರೇಟರನ್ನು ಎಷ್ಟು ಸಲ ತೊಳೆದರೂ ಗಾಡಿ ನೆಟ್ಟಗಾಗಲಿಲ್ಲವೆಂದು ಬೇಸತ್ತು ಮೂಲೆಗೆ ನಿಲ್ಲಿಸಿದ ಗಾಡಿಗಳಲ್ಲಿ ದೋಷ ಈ ಸೀಲುಗಳಲ್ಲೇ ಇರುವುದುಂಟು.

ಜಾವಾದ ಇನ್ನೊಂದು ವಿಶೇಷ ಅದರ ಎಡಗಾಲಿನ ಲಿವರು. ಕಿಕ್ಕರ್ ಬೇರೆ, ಗೇರು ಬೇರೆ ಇಲ್ಲ. ಒಂದೇ ಲಿವರನ್ನು ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್, ಗಾಡಿ ಚಾಲೂ ಆದ ಮೇಲೆ ಮುಂದಕ್ಕೆ ಬಾಗಿಸಿದರೆ ಗೇರು. ಅಷ್ಟೇ ಅಲ್ಲ, ಗೇರನ್ನು ಒತ್ತಿದಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಒಳಗಿದೆ. ಅರವತ್ತರ ದಶಕದ ಹಳ್ಳಿಯ ಸವಾರನಿಗೆ ಇದೊಂದು ಬೆರಗಾಗಿತ್ತು. ಇಂದು ಈ ಏರ್ಪಾಡನ್ನು ಸರಿಯಾಗಿ ಕೂರಿಸಬಲ್ಲ ಮೆಕ್ಯಾನಿಕ್ ಸಿಕ್ಕರೆ ಅವರ ಕೈ ಬಿಡಬೇಡಿ.

ಬಿಚ್ಚುವ ಮೊದಲು

ಮೂಲೆಯಿಂದ ಎಳೆದು ತಂದ ಗಾಡಿಗೆ ಮೊದಲು ಮಾಡುವ ಕೆಲಸ ಕಿಕ್ ಹೊಡೆಯುವುದು. ಮಾಡಬಾರದ ಕೆಲಸವೂ ಅದೇ. ತುಕ್ಕಿನಿಂದ ಪಿಸ್ಟನ್ನಿನ ರಿಂಗು ಸಿಲಿಂಡರಿಗೆ ಅಂಟಿಕೊಂಡಿರುತ್ತದೆ, ಬಲವಂತ ಮಾಡಿದರೆ ಗೀರು ಬೀಳುತ್ತದೆ ಅಥವಾ ರಿಂಗು ಮುರಿಯುತ್ತದೆ. ಪ್ಲಗ್ ಬಿಚ್ಚಿ ಆ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಎರಡು ಮೂರು ದಿನ ಹಾಗೆಯೇ ಇರಲಿ. ಆಮೇಲೆ ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಬಹುದು.

ಅದಕ್ಕೂ ಮುಂಚೆ ಕಾಗದಪತ್ರ ಹುಡುಕಿ. ಚೌಕಟ್ಟಿನ ಮೇಲೆ ಕೆತ್ತಿದ ಚಾಸಿ ನಂಬರು, ಎಂಜಿನ್ ನಂಬರು, ಆರ್.ಸಿ. ಪುಸ್ತಕದಲ್ಲಿರುವ ನಂಬರು ಮೂರನ್ನೂ ಹೋಲಿಸಿ. ಪುಸ್ತಕ ತಾತನ ಹೆಸರಿನಲ್ಲೇ ಇದ್ದರೆ ವರ್ಗಾವಣೆಯ ಕೆಲಸ ಮೊದಲಾಗಲಿ. ಕಾಗದವಿಲ್ಲದ ಗಾಡಿಗೆ ಎಷ್ಟು ಹಣ ಸುರಿದರೂ ಅದು ಅಂಗಳ ದಾಟುವಂತಿಲ್ಲ. 'ಎಂವೈ' ಎಂದು ಶುರುವಾಗುವ ಹಳೆಯ ನಂಬರು ನಿಮ್ಮ ಗಾಡಿಗಿದ್ದರೆ ಅದು ಮೈಸೂರು ರಾಜ್ಯದ ಕಾಲದ ಗುರುತು. ನಮ್ಮ ಜಿಲ್ಲೆಯ 'ಕೆಎ 13' ಬಂದದ್ದು ಅದಕ್ಕೆ ಎಷ್ಟೋ ವರ್ಷಗಳ ಮೇಲೆ.

ಆಮೇಲೆ ಬಿಚ್ಚುವ ಕೆಲಸ. ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ಎಲ್ಲರ ಜೇಬಿನಲ್ಲೂ ಕ್ಯಾಮರಾ ಇರುವ ಕಾಲ ಇದು. ಬಿಚ್ಚಿದ ನಟ್ಟು, ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಯಾವ ಭಾಗದ್ದೆಂದು ಚೀಟಿ ಬರೆದು ಬೇರೆ ಬೇರೆ ಇಡಿ. ಹಳೆಯ ಬ್ರೇಕಿನ ಲೈನಿಂಗ್ ಪುಡಿಯನ್ನು ಬಾಯಿಂದ ಊದಬೇಡಿ. ಆ ಕಾಲದ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ. ಪೆಟ್ರೋಲು ಟ್ಯಾಂಕು ಖಾಲಿ ಎಂದು ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಅದನ್ನು ಪೂರ್ತಿ ತೊಳೆದು ಶುದ್ಧ ಮಾಡದೆ ವೆಲ್ಡಿಂಗ್ ಬೆಂಕಿ ತಾಗಿಸಿದರೆ ಜೀವಕ್ಕೇ ಅಪಾಯ.

ಎಂಜಿನ್ನಿನ ಒಳಗೆ ಮುಖ್ಯವಾದ ಕೆಲಸಗಳು ನಾಲ್ಕು: ಕ್ರ್ಯಾಂಕು, ಬೇರಿಂಗು, ಸೀಲು, ಸಿಲಿಂಡರು. ಕ್ರ್ಯಾಂಕನ್ನು ಒತ್ತುಯಂತ್ರದಲ್ಲಿ ಬಿಡಿಸಿ, ಕನೆಕ್ಟಿಂಗ್ ರಾಡು ಬದಲಿಸಿ, ಮತ್ತೆ ಕೂಡಿಸಿದ ಮೇಲೆ ಅದು ಓರೆಯಿಲ್ಲದೆ ತಿರುಗುತ್ತದೆಯೇ ಎಂದು ಡಯಲ್ ಮೀಟರಿನಿಂದ ನೋಡಬೇಕು. ಇದು ಸುತ್ತಿಗೆಯಿಂದ ಆಗುವ ಕೆಲಸವಲ್ಲ, ಪಳಗಿದ ಲೇತಿನವರ ಕೆಲಸ. ಸಿಲಿಂಡರು ಸವೆದಿದ್ದರೆ ಬೋರಿಂಗ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಬೇಕಾಗುತ್ತದೆ. ಆದರೆ ಸಿಲಿಂಡರಿನ ಗೋಡೆ ಕೊರೆದಷ್ಟೂ ಬರುವಂಥದ್ದಲ್ಲ. ಎಷ್ಟು ಕಡಿಮೆ ಕೊರೆಯುತ್ತೀರೋ ಗಾಡಿಯ ಆಯುಷ್ಯ ಅಷ್ಟು ಉಳಿಯುತ್ತದೆ.

ಇಂದಿನ ಪೆಟ್ರೋಲಿನ ಬಗ್ಗೆಯೂ ಒಂದು ಎಚ್ಚರ ಬೇಕು. ಈಗ ಬಂಕುಗಳಲ್ಲಿ ಸಿಗುವುದು ಶೇಕಡ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಪೈಪು, ವಾಷರುಗಳನ್ನು ಈ ಪೆಟ್ರೋಲಿಗೆ ತಾಳುವಂತಹವುಗಳಿಂದ ಬದಲಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬ್ಯುರೇಟರು ಖಾಲಿ ಮಾಡಿಡಿ.

ಖರ್ಚಿನ ಕ್ರಮವೂ ಮುಖ್ಯ. ಎಂಜಿನ್, ಬ್ರೇಕು, ಚಕ್ರ, ವೈರಿಂಗ್ ಮೊದಲು. ಬಣ್ಣ, ಕ್ರೋಮು ಕೊನೆಗೆ. ಕ್ರೋಮು ಹೊಳೆಯಬೇಕಾದರೆ ಅದರಡಿ ತಾಮ್ರ, ನಿಕ್ಕಲಿನ ಲೇಪ ಸರಿಯಾಗಿ ಬೀಳಬೇಕು, ಅದು ದುಬಾರಿ ಕೆಲಸ. ಹಣವನ್ನೆಲ್ಲ ಮೊದಲೇ ಹೊಳಪಿಗೆ ಸುರಿದು ಎಂಜಿನ್ನಿಗೆ ಏನೂ ಉಳಿಯದೆ, ಮದುಮಗನಂತೆ ಸಿಂಗರಿಸಿಕೊಂಡು ಗೋಡೆಗೆ ಒರಗಿರುವ ಗಾಡಿಗಳನ್ನು ನೀವೂ ಕಂಡಿರುತ್ತೀರಿ.

ಮೂಲರೂಪ ಎಂದರೆ ಯಾವುದು?

ಈಗ ಎರಡನೆಯ ಪ್ರಶ್ನೆಗೆ ಬರೋಣ. 'ಮೂಲರೂಪಕ್ಕೆ ತರಬೇಕು' ಎಂದು ಹೇಳುವುದು ಸುಲಭ. ಮೂಲರೂಪ ಎಂದರೆ ಯಾವುದು? ಇದಕ್ಕೆ ನಮ್ಮ ಪಕ್ಕದ ಬೇಲೂರನ್ನೇ ನೋಡಿ. ಚೆನ್ನಕೇಶವನ ಗುಡಿಯನ್ನು ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಆಗ ನವರಂಗ ತೆರೆದಂತೆ ಇತ್ತು. ಕಂಬಗಳ ನಡುವಿನ ಕಲ್ಲಿನ ಜಾಲಂಧ್ರಗಳು ಅವನ ಮೊಮ್ಮಗ ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರಿದವು. ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ಅಧಿಕಾರಿ ಗುಂಡ ಎಂಬುವನು ಮತ್ತೆ ಕಟ್ಟಿಸಿದ. ಗರ್ಭಗುಡಿಯ ಮೇಲಿದ್ದ ಶಿಖರವನ್ನು, ಕೆಳಗಿನ ಕಟ್ಟಡಕ್ಕೆ ಭಾರವಾಗುತ್ತದೆಂದು, 1879ರಲ್ಲಿ ಇಳಿಸಿದರು. ಇವುಗಳಲ್ಲಿ ಯಾವ ವರ್ಷದ ಬೇಲೂರು ಅಸಲಿ ಬೇಲೂರು? ಮೂಲರೂಪ ಬೇಕೆಂದು ಜಾಲಂಧ್ರಗಳನ್ನು ಕಿತ್ತುಹಾಕಿ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ? ಇಷ್ಟು ಕಾಲದ ಗುರುತುಗಳನ್ನೆಲ್ಲ ಹೊತ್ತ ಆ ಗುಡಿಯನ್ನೇ, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳ ಜೊತೆಗೆ, 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಗಾಡಿಯ ವಿಷಯವೂ ಹೀಗೆಯೇ. ಅದಕ್ಕೆ ಕಾರ್ಖಾನೆಯಿಂದ ಹೊರಬಿದ್ದ ದಿನದ ರೂಪ ಒಂದಿದೆ. ನಿಮ್ಮ ತಂದೆ ಇಪ್ಪತ್ತು ವರ್ಷ ಓಡಿಸಿದ ರೂಪ ಇನ್ನೊಂದಿದೆ. ಹಾಲಿನ ಕ್ಯಾನು ತೂಗುಹಾಕಲು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕೊಕ್ಕೆ, ಅಮ್ಮನ ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಿರಲೆಂದು ಹಾಕಿಸಿದ ಗಾರ್ಡು, ಮಡ್‌ಗಾರ್ಡಿನ ಮೇಲೆ ಪೇಂಟರು ಬರೆದ ಮನೆದೇವರ ಹೆಸರು ಯಾವುದೂ ಕಾರ್ಖಾನೆಯದಲ್ಲ. ಆದರೂ ಗಾಡಿಯ ಕಥೆ ಹೇಳುವುದು ಅವೇ. ಕೆಂಪು ಬಣ್ಣ ಹಚ್ಚುವ ಉತ್ಸಾಹದಲ್ಲಿ ಅವನ್ನು ಉಜ್ಜಿ ತೆಗೆಯುವ ಮೊದಲು ಒಮ್ಮೆ ಯೋಚಿಸಿ. ತೆಗೆಯಲೇಬೇಕಾದರೆ ಫೋಟೊ ತೆಗೆದಿಟ್ಟುಕೊಂಡು ತೆಗೆಯಿರಿ. ಕಾರ್ಖಾನೆಯ ಮೊದಲ ಬಣ್ಣ ಅರ್ಧದಷ್ಟಾದರೂ ಉಳಿದಿದ್ದರೆ ಅದನ್ನು ಹಾಗೆಯೇ ಶುದ್ಧಮಾಡಿ ಉಳಿಸಿಕೊಳ್ಳುವುದು ಹೊಸ ಬಣ್ಣಕ್ಕಿಂತ ಮೇಲು. ಮತ್ತೆ ಎಷ್ಟು ಸಲ ಬೇಕಾದರೂ ಬಣ್ಣ ಹಚ್ಚಬಹುದು, ಮೊದಲ ಬಣ್ಣ ಮಾತ್ರ ಮತ್ತೆ ಬರುವುದಿಲ್ಲ.

ನಮ್ಮಲ್ಲಿ 'ಜೀರ್ಣೋದ್ಧಾರ' ಎಂಬ ಒಳ್ಳೆಯ ಶಬ್ದವಿದೆ. ಜೀರ್ಣವಾದದ್ದನ್ನು ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಕೆಡವಿ ಹೊಸದು ಕಟ್ಟುವುದು ಆ ಅರ್ಥದೊಳಗೆ ಬರುವುದಿಲ್ಲ. ಆದರೆ ಹಳೆಯ ಕಲ್ಲಿನ ಗುಡಿಗೆ ಆಯಿಲ್ ಪೇಂಟು ಬಳಿದು, ನೆಲಕ್ಕೆ ಟೈಲ್ಸ್ ಹಾಕಿ ಅದನ್ನೇ ಜೀರ್ಣೋದ್ಧಾರ ಎಂದು ಕರೆಯುವ ಅಭ್ಯಾಸ ಎಷ್ಟೋ ಊರುಗಳಲ್ಲಿ ಬೆಳೆದಿದೆ. ಗಾಡಿಗಳಿಗೂ ಅದೇ ಗತಿ ಬರಬಾರದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2013ರಲ್ಲಿ ಪ್ರಕಟಿಸಿದ ಟ್ಯೂರಿನ್ ಸನ್ನದು ಕೂಡ, ಸ್ಮಾರಕಗಳಿಗೆ ಅನ್ವಯಿಸುವ ವಿವೇಕವನ್ನೇ ವಾಹನಗಳಿಗೂ ಅನ್ವಯಿಸುತ್ತದೆ.

ಮಾರ್ಪಾಡು ಎಲ್ಲಿಯವರೆಗೆ?

ಹಾಗಾದರೆ ಗಾಡಿಯನ್ನು ಬದಲಿಸಲೇಬಾರದೇ? ನನ್ನ ಮಾತಿನ ಅರ್ಥ ಅದಲ್ಲ. ಗಾಡಿಗೆ ತನ್ನ ರುಚಿಯ ರೂಪ ಕೊಡುವುದು ಗಾಡಿಯಷ್ಟೇ ಹಳೆಯ ಆಸೆ. ಅಮೆರಿಕದಲ್ಲಿ 1930, 40ರ ದಶಕಗಳಲ್ಲಿ ಭಾರ ಇಳಿಸಲೆಂದು ಮಡ್‌ಗಾರ್ಡು ಕತ್ತರಿಸಿದ ಗಾಡಿಗಳಿಂದ 'ಬಾಬರ್' ಶೈಲಿ ಬಂತು. ಯುದ್ಧಾನಂತರದ ಲಂಡನ್ನಿನ ಹೋಟೆಲುಗಳ ಮುಂದೆ ಸೇರುತ್ತಿದ್ದ ಹುಡುಗರ ವೇಗದ ಹುಚ್ಚಿನಿಂದ 'ಕೆಫೆ ರೇಸರ್' ಹುಟ್ಟಿತು. 1969ರ 'ಈಸಿ ರೈಡರ್' ಸಿನಿಮಾ ಉದ್ದ ಫೋರ್ಕಿನ 'ಚಾಪರ್' ಗಾಡಿಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಇಂದಿನ ಹುಡುಗರು ಮೊಬೈಲಿನಲ್ಲಿ ನೋಡಿ ಮೆಚ್ಚುವ ರೂಪಗಳು ಇವೇ. ನಮ್ಮ ರೈತ ಕಾಯಿ ಚೀಲಕ್ಕೆಂದು ಕ್ಯಾರಿಯರು ಹಾಕಿಸಿದ್ದೂ ಒಂದು ಮಾರ್ಪಾಡೇ ಎಂಬುದನ್ನು ಅವರು ಗಮನಿಸಬೇಕು.

ಮಾರ್ಪಾಡಿಗೆ ನಾನು ಸೂಚಿಸುವ ಪರೀಕ್ಷೆ ಒಂದೇ: ಮಾಡಿದ್ದನ್ನು ನಾಳೆ ನಿಮ್ಮ ಮಗನೋ ಮಗಳೋ ಬಿಚ್ಚಿ ಹಿಂದಿನಂತೆ ಮಾಡಬಹುದೇ? ಸ್ಪ್ಯಾನರಿನಿಂದ ಬದಲಿಸಿದ್ದನ್ನು ಸ್ಪ್ಯಾನರಿನಿಂದಲೇ ಹಿಂದಿರುಗಿಸಬಹುದು. ಕಟ್ಟರಿನಿಂದ ಕತ್ತರಿಸಿದ್ದನ್ನು ಹಿಂದಿರುಗಿಸಲಾಗದು. 6 ವೋಲ್ಟಿನ ಮಂಕು ದೀಪದ ಜಾಗದಲ್ಲಿ 12 ವೋಲ್ಟಿನ ಏರ್ಪಾಡು ಮಾಡಿಕೊಳ್ಳಿ, ಕತ್ತಲಲ್ಲಿ ಎದುರಿನ ಎಮ್ಮೆ ಕಾಣುವುದು ಇತಿಹಾಸಕ್ಕಿಂತ ಮುಖ್ಯ. ಸೀಟು ಬದಲಿಸಿ, ಬೇರೆ ಹ್ಯಾಂಡಲು ಹಾಕಿ. ಆದರೆ ತೆಗೆದ ಅಸಲು ಸಾಮಾನನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಚೀಟಿ ಬರೆದು ಪೆಟ್ಟಿಗೆಯಲ್ಲಿಡಿ. ಗಾಡಿ ಮಾರುವ ದಿನ ಬಂದರೆ ಆ ಪೆಟ್ಟಿಗೆಯೂ ಅದರ ಜೊತೆ ಹೋಗಲಿ. ಆದರೆ ಜಾವಾದ ಆಳವಾದ ಮಡ್‌ಗಾರ್ಡನ್ನು ಕತ್ತರಿಸುವುದು, ಹಿಂಭಾಗದ ಚೌಕಟ್ಟನ್ನು ಕೊಯ್ದು ಮೋಟು ಮಾಡುವುದು, ನಂಬರು ಕೆತ್ತಿದ ಜಾಗವನ್ನು ಉಜ್ಜುವುದು ಇವು ಮೂರೂ ಹಿಂದಿರುಗದ ದಾರಿ. ಚೌಕಟ್ಟು ಕೊಯ್ದರೆ ಭಾರ ಹೊರುವ ಲೆಕ್ಕವೂ ತಪ್ಪುತ್ತದೆ, ಹಿಂದೆ ಕುಳಿತವರ ಜೀವವೂ ಅದರ ಮೇಲೆಯೇ ಇರುತ್ತದೆ.

ಕಾನೂನು ಕೂಡ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ಬಣ್ಣ ಬದಲಿಸಿದರೂ ಆರ್.ಸಿ.ಯಲ್ಲಿ ನಮೂದಿಸಿಕೊಳ್ಳುವುದು ಕ್ಷೇಮ.

2021ರಲ್ಲಿ ಕೇಂದ್ರ ಸರ್ಕಾರ ಪಾರಂಪರಿಕ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿ, ಎಂಜಿನ್‌ಗಳಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಾಗದ, ಮೂಲರೂಪದಲ್ಲಿರುವ ವಾಹನಕ್ಕೆ 'ವಿಎ' ಅಕ್ಷರಗಳಿರುವ ವಿಶೇಷ ನಂಬರು ಸಿಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ ಎಂದು ಆ ನಿಯಮ ಗೊತ್ತುಮಾಡಿತು. ಅವಧಿ 10 ವರ್ಷ. 1973ಕ್ಕೆ ಮುಂಚಿನ ಮೈಸೂರು ಜಾವಾಗಳೆಲ್ಲ ಈಗ ಈ ವಯಸ್ಸು ದಾಟಿವೆ. ಆದರೆ ಒಂದು ಮಾತು ನೆನಪಿರಲಿ. ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದವಕ್ಕೆ ಮಾತ್ರ ರಸ್ತೆಗೆ ತರಬಹುದು. ದಿನವೂ ಅರಸೀಕೆರೆಗೆ ಹೋಗಿಬರುವವರಿಗೆ ಅದು ಉಪಯೋಗಕ್ಕೆ ಬಾರದು. ಅವರು ಈಗಿರುವ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುವುದು ಸರಿ. ಆದರೆ ಚೌಕಟ್ಟನ್ನು ಒಮ್ಮೆ ಕೊಯ್ದರೆ ವಿಶೇಷ ನಂಬರಿನ ದಾರಿ ಮುಚ್ಚುತ್ತದೆ, ಸಾಮಾನ್ಯ ನವೀಕರಣದ ದಾರಿಗೂ ತೊಡಕು ಬೀಳುತ್ತದೆ. ಯುವಕರು ಕಟ್ಟರು ಕೈಗೆತ್ತಿಕೊಳ್ಳುವ ಮುಂಚೆ ಇದನ್ನು ಯೋಚಿಸಬೇಕು.

ಕೈಗಳ ಮಾತು

ಕೊನೆಯದಾಗಿ ಒಂದು ವಿಷಯ. ಗಾಡಿಗಳ ಜೊತೆಗೆ ಇನ್ನೊಂದು ವಸ್ತು ಸದ್ದಿಲ್ಲದೆ ಕಡಿಮೆಯಾಗುತ್ತಿದೆ. ಅದು ಈ ಎಂಜಿನ್ನುಗಳನ್ನು ಕಿವಿಯಿಂದಲೇ ಬಲ್ಲ ಮೆಕ್ಯಾನಿಕ್ಕುಗಳ ವಿದ್ಯೆ. ಪಾಯಿಂಟು ಎಷ್ಟು ತೆರೆಯಬೇಕು, ಕ್ಲಚ್ಚಿನ ಏರ್ಪಾಡು ಯಾವ ಹಂತದಲ್ಲಿ ಬಿಡಬೇಕು, ಸೈಲೆನ್ಸರಿನ ಕರಿ ಯಾವಾಗ ತೆಗೆಯಬೇಕು ಎಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಅರವತ್ತು, ಎಪ್ಪತ್ತು ದಾಟಿದ ಅವರಲ್ಲಿ ಅನೇಕರು ಅಂಗಡಿ ಮುಚ್ಚಿದ್ದಾರೆ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಗಾಡಿಯನ್ನು ಅಂಥವರ ಬಳಿಗೆ ಒಯ್ದಾಗ ಬಿಟ್ಟು ಬರಬೇಡಿ. ಪಕ್ಕದಲ್ಲಿ ಕುಳಿತು ನೋಡಿ, ಕೇಳಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಕಾರ್ಖಾನೆಯ ಕೈಪಿಡಿ ಸಿಗಬಹುದು, ಊರಿನ ಅನುಭವದ ಕೈಪಿಡಿಯನ್ನು ನಾವೇ ಬರೆಯಬೇಕು.

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಆಚರಿಸುವವರಿದ್ದಾರೆ. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಗಾಡಿಗಳು ಸಾಲಾಗಿ ಬಂದು ನಿಲ್ಲುತ್ತವೆ. ನೋಡಲು ಚೆಂದ. ಆದರೆ ನಗರದ ಆ ಸಾಲಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಎಷ್ಟೋ ಒಂದು ಕಾಲದಲ್ಲಿ ಹಳ್ಳಿಯ ಕೊಟ್ಟಿಗೆಗಳಿಂದ ಅಗ್ಗಕ್ಕೆ ಹೋದವೇ. ನಿಮ್ಮ ಮನೆಯಲ್ಲಿ ಇನ್ನೂ ಒಂದು ಉಳಿದಿದ್ದರೆ, ಅದನ್ನು ಕೇಳಿಕೊಂಡು ಬರುವವರಿಗೆ ಉತ್ತರ ಕೊಡುವ ಮುಂಚೆ ಆ ಗೋಣಿಚೀಲ ಸರಿಸಿ, ಚೌಕಟ್ಟಿನ ಮೇಲಿನ ನಂಬರನ್ನು ಒರೆಸಿ ಓದಿ, ಅದನ್ನು ಓಡಿಸಿದ ಹಿರಿಯರು ಬದುಕಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಕಥೆ ಕೇಳಿ. ಓಡಿಸುವುದೋ, ಮಾರ್ಪಡಿಸುವುದೋ, ಮಾರುವುದೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು.